ಕುರ್ಚಿ ತುಂಬಿದ ಮಧ್ಯಾಹ್ನ

ಈ ಕುರ್ಚಿ ಅಲ್ಲಾಡುತ್ತದೆ, ಹಿಂದಿನ ಒಂದು ಕಾಲು ಗಿಡ್ಡ, ಇಷ್ಟು ವರ್ಷ ಇದರ ಮೇಲೆ ಕೂತು ತನ್ನ ಕೈಯ ಸೂಪು ಕುಡಿದು ಹೋದವರಲ್ಲಿ ಒಬ್ಬರಾದರೂ ಹೇಳಬಾರದಿತ್ತೇ, ಹೇಳಿದ್ದರೋ ಏನೋ, ಆಗಿನ ಗದ್ದಲದಲ್ಲಿ ಯಾರ ಮಾತು ಯಾರ ಕಿವಿಗೆ ಬೀಳುತ್ತಿತ್ತು, ಅಲ್ಲದೆ ತಾನು ಯಾವತ್ತು ಇಲ್ಲಿ ಕೂತಿದ್ದಳು, ಕೌಂಟರಿನ ಆಚೆಯಿಂದ ನೋಡಿದ್ದೇ ನೋಡಿದ್ದು — ಸೂಪಕ್ಕ ಮೆಲ್ಲಗೆ ಇನ್ನೊಂದು ಬದಿಗೆ ಭಾರ ಹಾಕಿದಳು, ಕುರ್ಚಿ ಟಕ್ಕೆಂದಿತು, ಎದುರಿಗೆ ಕೂತ ಐಸ್‌ಕ್ರೀಮಿನವನು ಕಣ್ಣಲ್ಲೇ ಗದರಿದ. ಸುಮ್ನೆ ಕೂತ್ಕೊ, ಸ್ವಲ್ಪ ನಗು, ನಾವಿಬ್ರೂ ಗಂಡ ಹೆಂಡ್ತಿ, ಊಟಕ್ಕೆ ಬಂದಿದ್ದೀವಿ. ಗಂಡನಂತೆ ಗಂಡ, ಇವನ ಮುಖಕ್ಕಿಷ್ಟು, ಎದುರು ಕೌಂಟರಿನಲ್ಲಿ ನಿಂತು ಈ ಸೆಕೆಯಲ್ಲಿ ಯಾರಾದ್ರೂ ಸೂಪು ಕುಡೀತಾರಾ ಅಂತ ತನ್ನ ಗಿರಾಕಿಗಳನ್ನೆಲ್ಲ ಎಳೆದುಕೊಂಡ ಪುಣ್ಯಾತ್ಮ, ಇವತ್ತು ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಲೆಗೆ ಬಣ್ಣ ಬಳಿದುಕೊಂಡು ಬಂದಿದ್ದಾನೆ, ಕಿವಿಗೂ ಬಳಿದಿದ್ದಾನೆ, ಹೇಳಲೇ ಬೇಡವೇ — ಹೇಳಿದರೆ ಒರೆಸಿಕೊಳ್ಳಲು ಏಳುತ್ತಾನೆ, ಬೇಡ. ಅತ್ತ ನೂಡಲ್ಸಿನವಳು ತನ್ನ ನಾದಿನಿಯನ್ನು ಕೂರಿಸಿಕೊಂಡು ತಟ್ಟೆಯ ಫೋಟೋ ತೆಗೆಯುತ್ತಿದ್ದಾಳೆ, ಜ್ಯೂಸಿನ ಅಣ್ಣತಮ್ಮಂದಿರು ಗುರುತೇ ಇಲ್ಲದವರಂತೆ ಬೇರೆ ಬೇರೆ ಮೇಜಿನಲ್ಲಿ, ಪಾತ್ರೆ ತೊಳೆಯುವ ಅಜ್ಜಿಗೂ ಒಂದು ವ್ಯಾನಿಟಿ ಬ್ಯಾಗು ಕೊಟ್ಟು ಕೂರಿಸಿದ್ದಾರೆ, ಆಕೆ ಮಾತ್ರ ಕೈ ತಡೆಯಲಾರದೆ ಅಂಗೈಯಿಂದ ಮೇಜು ಒರೆಸುತ್ತಿದ್ದಾಳೆ. ಎಲ್ಲ ಮ್ಯಾನೇಜರನ ತಲೆ. ಮಾಲ್ ಕೊಳ್ಳೋ ಕಂಪನಿಯಿಂದ ಒಬ್ಬರು ಬರ್ತಾರೆ, ಜನ ಕಂಡ್ರೆ ಫುಡ್ ಕೋರ್ಟ್ ಉಳೀತು, ಇಲ್ಲಾಂದ್ರೆ ಗೋಡೌನ್ ಮಾಡ್ತಾರೆ ಎಂದು ನಿನ್ನೆ ಎಲ್ಲರನ್ನೂ ಕೂಡಿಸಿ ಹೇಳಿದ, ಜನ ಎಲ್ಲಿಂದ ತರೋದು ಸಾರ್ ಎಂದು ಯಾರೋ ಕೇಳಿದ್ದಕ್ಕೆ, ಯಾಕೆ, ನೀವು ಜನ ಅಲ್ವಾ ಎಂದ. ಲಿಫ್ಟಿನ ಪಕ್ಕದ ಎರಡು ಕೌಂಟರುಗಳಲ್ಲಿ ಮಾತ್ರ ಆಳು ನಿಲ್ಲುವುದು, ಉಳಿದವರು ದೀಪ ಹಾಕಿ, ಹಬೆ ಕಾಣಲಿ ಎಂದು ನೀರು ಕಾಯಲಿಟ್ಟು, ಏಪ್ರನ್ ಬಿಚ್ಚಿ ಬಂದು ಕೂರುವುದು, ಬಂದವರು ಲಿಫ್ಟಿನ ಕಡೆಯಿಂದಲೇ ಒಂದು ಸಲ ಕಣ್ಣಾಡಿಸಿ ಹೊರಟುಹೋಗುತ್ತಾರೆ, ಅಷ್ಟೇ. ಮೂಲೆಯಲ್ಲಿ ಸೂಪಕ್ಕನ ದೊಡ್ಡ ಪಾತ್ರೆ ಬರೀ ನೀರನ್ನು ಕುದಿಸುತ್ತಿದೆ, ಅದರ ಮುಂದೆ, ಕೌಂಟರಿನ ಮೇಲೆ, ಬೆರಳಿನಿಂದ ಒತ್ತುವ ಉಕ್ಕಿನ ಗಂಟೆ.

ಆ ಗಂಟೆ ತಂದದ್ದು ಗಂಡ, ನಿಜವಾದ ಗಂಡ, ಒಂದೇ ಪೊಟ್ಟಣದಲ್ಲಿ ಎರಡು ಬಂದಿದ್ದವು, ಇನ್ನೊಂದು ಯಾಕ್ರೀ ಎಂದರೆ, ಎರಡನೇ ಕೌಂಟರು ಹಾಕ್ತೀವಲ್ಲ, ಅದಕ್ಕೆ ಎಂದಿದ್ದ, ಜಂಭವಲ್ಲ, ಆಗಿನ ಕಾಲವೇ ಹಾಗಿತ್ತು, ಮೇಲಿನ ಮಹಡಿಯ ಸಿನಿಮಾ ಬಿಟ್ಟರೆ ಸಾಕು, ಅಣೆಕಟ್ಟು ಒಡೆದ ಹಾಗೆ ಜನ, ತಿನ್ನುವವರ ಬೆನ್ನ ಹಿಂದೆಯೇ ಟ್ರೇ ಹಿಡಿದು ಕಾಯುತ್ತಿದ್ದರು, ಎದ್ದ ಕುರ್ಚಿಗೆ ಒಬ್ಬ ಚೀಲ ಎಸೆದರೆ ಇನ್ನೊಬ್ಬ ಮಗುವನ್ನೇ ಕೂರಿಸಿಬಿಡುತ್ತಿದ್ದ, ಒಂದು ಮೇಜಿನಲ್ಲಿ ಕೇಕು, ಪಕ್ಕದ ಮೇಜಿನಲ್ಲಿ ಪ್ರೇಮಿಗಳ ಜಗಳ, ಅಪ್ಪನಿಗೊಂದು ಅಮ್ಮನಿಗೊಂದು ಮಕ್ಕಳಿಗೊಂದು, ಒಂದೇ ಸಂಸಾರ ಆರು ಕೌಂಟರಿನ ಊಟ ತಂದು ಒಂದೇ ಮೇಜಿಗೆ ಸುರಿದುಕೊಳ್ಳುತ್ತಿತ್ತು, ಮನೆಯಲ್ಲಿ ಮುಖ ನೋಡದವರೂ ಇಲ್ಲಿ ಒಬ್ಬರ ತಟ್ಟೆಗೆ ಒಬ್ಬರು ಕೈ ಹಾಕುತ್ತಿದ್ದರು. ಗಂಡ ಸೌಟು ಹಿಡಿದರೆ ಅವಳು ಬಟ್ಟಲು, ಗಿರಾಕಿ ಗಂಟೆ ಒತ್ತಿದರೆ ಬಂದೆ, ಮತ್ತೆ ಒತ್ತಿದರೆ ಬಂದೆ, ನಿದ್ದೆಯಲ್ಲೂ ಬಂದೆ ಬಂದೆ ಎನ್ನುತ್ತಿದ್ದಳಂತೆ, ಅವನು ಹೇಳಿ ನಗುತ್ತಿದ್ದ. ಆಮೇಲೆ ಸಿನಿಮಾ ಮುಚ್ಚಿತು, ಕೆಳಗಿನ ಬಟ್ಟೆ ಅಂಗಡಿ ಹೋಯಿತು, ಜನರ ಬದಲು ಹೆಲ್ಮೆಟ್ ತೆಗೆಯದ ಡೆಲಿವರಿಯವರು ಬರತೊಡಗಿದರು, ಅಡ್ಡಿಯಿಲ್ಲ ಎಂದುಕೊಂಡಳು, ಯಾರು ತಿಂದರೇನು, ಆದರೆ ಅವರೂ ಕಡಿಮೆಯಾದರು, ಎಸ್ಕಲೇಟರು ನಿಂತು ಬರೀ ಮೆಟ್ಟಿಲಾಯಿತು, ಗಾಜಿನ ಚಾವಣಿ ಸೋರಿ ಬಕೆಟು ಬಂದು ಕೂತಿತು, ಯಾರೂ ಕೂರದ ಕಡೆ ಅದೊಂದಾದರೂ ಕೂತಿತಲ್ಲ ಎಂದು ಐಸ್‌ಕ್ರೀಮಿನವನು ಹಲ್ಲುಕಿರಿದಿದ್ದ. ಅಷ್ಟರಲ್ಲಿ ಗಂಡ ಲಕ್ವ ಹೊಡೆದು ಬಿದ್ದ. ಬಲಗೈ ಬಲಗಾಲು ಹೋಯಿತು, ಮಾತು ಅರ್ಧ ಉಳಿಯಿತು, ಡ್ರಾಯರಿನಲ್ಲಿ ವರ್ಷಗಟ್ಟಲೆ ಸುಮ್ಮನಿದ್ದ ಎರಡನೇ ಗಂಟೆ ಹಾಸಿಗೆಯ ಪಕ್ಕಕ್ಕೆ ಬಂತು, ಎಡಗೈಯ ತೋರುಬೆರಳು, ಗಂಟೆ, ಬಂದೆ. ದಿನಾ ಸಂಜೆ ಒಂದೇ ಪ್ರಶ್ನೆ, ಜನ ಹೇಗಿದ್ರು. ಮೊದಲ ಸಲ ಯಾಕೆ ಸುಳ್ಳು ಹೇಳಿದಳೋ, ಕಾಲಿಡೋಕೆ ಜಾಗ ಇರ್ಲಿಲ್ಲ ರೀ ಎಂದುಬಿಟ್ಟಳು, ಅವನ ಅರ್ಧ ಮುಖ ನಕ್ಕಿತು, ಆ ಅರ್ಧ ನಗುವಿಗೆ ಅವಳು ಬಿದ್ದುಹೋದಳು, ಅಂದಿನಿಂದ ದಿನಾ ಬಸ್ಸಿನಲ್ಲಿ ಕೂತು ಜನರನ್ನು ಹುಟ್ಟಿಸುತ್ತಾಳೆ, ಇವತ್ತು ಅವಳಿ ಮಕ್ಕಳು ಬಂದಿದ್ರು, ಇವತ್ತು ಒಬ್ಬ ಮುದುಕ ಎರಡು ಸಲ ಹಾಕಿಸ್ಕೊಂಡ. ಗೋಡೌನಾದರೆ ಬೆಳಗ್ಗೆ ಎಲ್ಲಿಗೆಂದು ಹೊರಡುವುದು, ಅವನ ಮುಂದೆ ಕೂತು ಏನೆಂದು ಬಾಯಿ ಬಿಡುವುದು, ಇಷ್ಟು ದಿನದ ಜನರನ್ನೆಲ್ಲ ಎಲ್ಲಿ ಹೂಳುವುದು. ಹೆದರಿಕೆ, ಬೇರೇನಲ್ಲ.

ಬಂದ್ಲು, ಎಂದು ಐಸ್‌ಕ್ರೀಮಿನವನು ಚಮಚದ ಹಿಂದಿನಿಂದ ಉಸುರಿದ. ಬರುವುದು ಯಾವುದೋ ದಪ್ಪ ಹೆಂಗಸೆಂದು ಸೂಪಕ್ಕ ಅಂದುಕೊಂಡಿದ್ದಳು, ಇವಳು ನೋಡಿದರೆ ಚಿಕ್ಕವಳು, ಸಪ್ಪೆ ಮುಖ, ಬೆಳಗಿನಿಂದ ಏನೂ ತಿಂದಿಲ್ಲ, ತಿಂದಿಲ್ಲದ ಮುಖ ಸೂಪಕ್ಕನಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು, ಕೆಳತುಟಿ ಒಣಗಿದೆ, ಒಂದು ಬಟ್ಟಲು ಬಿಸಿ ಕೊಟ್ಟರೆ ಸರಿಹೋಗುತ್ತಾಳೆ — ಥೂ, ತಾನು ಗಿರಾಕಿ ಇವತ್ತು, ನಗಬೇಕು, ತಿನ್ನಬೇಕು. ಮ್ಯಾನೇಜರು ಕೈ ಬೀಸಿ ತೋರಿಸುತ್ತಿದ್ದಾನೆ, ಚಿಕ್ಕವಳು ತಲೆಯಾಡಿಸುತ್ತಾಳೆ, ಚೆನ್ನಾಗಿ ಜನ ಇದ್ದಾರಲ್ಲ ಎಂದಂತಾಯಿತು, ಮೇಜುಮೇಜಿನಲ್ಲೂ ಉಸಿರು ಇಳಿಯಿತು, ಹೋಗು ತಾಯಿ, ಇನ್ನು ಹೋಗು. ಆಕೆ ಹೋಗಲಿಲ್ಲ. ಹಸಿವಾಗ್ತಿದೆ, ಏನಾದ್ರೂ ಬಿಸಿ ತಗೊಳ್ತೀನಿ ಎಂದವಳೇ, ಲಿಫ್ಟಿನ ಪಕ್ಕದ ಎರಡು ಕೌಂಟರು ಬಿಟ್ಟು, ಎಲ್ಲಕ್ಕಿಂತ ಹೆಚ್ಚು ಹಬೆ ಎಲ್ಲಿದೆಯೋ ಅಲ್ಲಿಗೆ ನಡೆದಳು. ಮ್ಯಾನೇಜರು ಹಿಂದೆ ಓಡಿದ, ಅದು ಈಗ ಇಲ್ಲ ಮೇಡಂ, ಅವರು ಊಟಕ್ಕೆ ಹೋಗಿದ್ದಾರೆ. ಹಬೆ ಬರ್ತಾ ಇದೆಯಲ್ಲ, ಇಲ್ಲೇ ಎಲ್ಲೋ ಇರ್ತಾರೆ, ಎಂದು ಆಕೆ ಬೆರಳು ಚಾಚಿದಳು.

ಗಂಟೆ. ಒಂದು ಸಲ, ಸಣ್ಣಗೆ, ತೆಳ್ಳಗೆ — ಅಯ್ಯೋ, ಎಲ್ಲರೂ, ಬರೀ ತಾನಲ್ಲ, ನೂಡಲ್ಸಿನವಳು, ಜ್ಯೂಸಿನ ಇಬ್ಬರೂ, ವ್ಯಾನಿಟಿ ಬ್ಯಾಗಿನ ಅಜ್ಜಿ, ಗಂಟೆಯೆಂದರೆ ಏಳುವ ದೇಹಗಳು, ಇಡೀ ಫುಡ್ ಕೋರ್ಟು ಕುರ್ಚಿಯಿಂದ ಒಂದು ಬೆರಳಷ್ಟು ಎದ್ದು ಮತ್ತೆ ಕೂತಿತು, ಚಿಕ್ಕವಳು ನೋಡಿದಳೋ, ಇಲ್ಲ, ಅವಳ ಬೆನ್ನು ಇತ್ತ, ಪುಣ್ಯ. ಐಸ್‌ಕ್ರೀಮಿನವನು ಮೇಜಿನ ಮೇಲೆ ಸೂಪಕ್ಕನ ಮಣಿಕಟ್ಟು ಒತ್ತಿ ಹಿಡಿದ, ಏಳ್ಬೇಡ, ನಿನ್ನ ಕಾಲಿಗೆ ಬೀಳ್ತೀನಿ, ನಮ್ಮೆಲ್ಲರ ಅನ್ನ ಇದು. ನಿಜ, ಎಲ್ಲರ ಅನ್ನ, ಕೂರಬೇಕು, ಕಲ್ಲಿನ ಹಾಗೆ ಕೂರಬೇಕು, ಯಾರೂ ಬರದಿದ್ದರೆ ಬೇಸತ್ತು ಹೋಗುತ್ತಾಳೆ. ಗಂಟೆ ಮತ್ತೆ. ಮನೆಯಲ್ಲಿ ಮೊದಲ ಸಲದ ಗಂಟೆಗೇ ಓಡಿಬರದಿದ್ದರೆ ಗಂಡ ಗಾಬರಿಯಾಗಿ ಮತ್ತೆ ಒತ್ತುತ್ತಾನೆ, ಅವಳು ಬಚ್ಚಲಿನಿಂದ, ಮೆಟ್ಟಿಲಿನಿಂದ, ಬಾಯಿಗೆ ತುತ್ತಿಟ್ಟಲ್ಲಿಂದ ಕೂಗುತ್ತಾಳೆ, ಕೂಗದಿದ್ದರೆ ಅವನ ಕಣ್ಣು ಹೆದರಿ ಬಾಗಿಲಿಗೆ ಅಂಟಿರುತ್ತದೆ, ಇದ್ದೀಯಾ ಎಂದು ಕೇಳುವ ಕಣ್ಣು, ಆ ಕಣ್ಣನ್ನು ನೋಡಿಯೂ ಹೇಗೆ ಕೂರುವುದು, ಈ ಮಗುವಿಗೆ ಹಸಿವು, ಪಾತ್ರೆಯಲ್ಲಿ ಬರೀ ನೀರು, ನೀರಿಗೆ ಈಗ ತರಕಾರಿ ಬಿದ್ದರೂ ಸಾಕು, ಇನ್ನೊಂದು ಸಲ ಒತ್ತಬೇಡ ತಾಯಿ, ಒತ್ತಬೇಡ — ಬಂದೆ. ಯಾರು ಅಂದದ್ದು, ಅಷ್ಟು ಜೋರಾಗಿ, ಐಸ್‌ಕ್ರೀಮಿನವನ ಬಾಯಿ ತೆರೆದೇ ಇದೆ, ಕುರ್ಚಿ ಮಗುಚಿ ಬಿದ್ದಿದೆ, ತಾನು ನಿಂತಿದ್ದಾಳೆ, ಕೈ ತಾನಾಗಿ ಸೊಂಟದಲ್ಲಿ ಇಲ್ಲದ ಏಪ್ರನ್ನಿಗೆ ಒರೆಸಿಕೊಳ್ಳುತ್ತಿದೆ, ಹಿಂದೆ ಅಜ್ಜಿಯೂ ನಿಂತಳು, ನೂಡಲ್ಸಿನವಳೂ, ಒಂದೊಂದಾಗಿ ಕುರ್ಚಿಗಳು ಸರಿಯುವ ಸದ್ದು, ಚಿಕ್ಕವಳು ತಿರುಗಿದ್ದಾಳೆ, ಮೇಜಿನಿಂದ ಮೇಜಿಗೆ ಕಣ್ಣು ಹೋಗುತ್ತಿದೆ, ತಿಳಿಯುತ್ತಿದೆ ಅವಳಿಗೆ, ನಿಧಾನವಾಗಿ ತಿಳಿಯುತ್ತಿದೆ. ಸಂಜೆ ಅವನು ಕೇಳುತ್ತಾನೆ, ಜನ ಹೇಗಿದ್ರು, ಇವತ್ತೊಂದು ದಿನ ಸುಳ್ಳು ಬೇಡ, ಕುರ್ಚಿ ಎಲ್ಲ ತುಂಬಿತ್ತು ರೀ. ನಮ್ಮ ಕೌಂಟರಿಗೆ ಎನ್ನುತ್ತಾನೆ ಆಮೇಲೆ, ನಮ್ಮ ಕೌಂಟರಿಗೆ ಒಬ್ಬಳು ಬಂದಿದ್ದಳು, ಹಸಿದು ಬಂದಿದ್ದಳು, ಬಂದು ಗಂಟೆ — ಗಂಟೆಯ ಮೇಲೆ ಚಿಕ್ಕವಳ ಆ ಬೆರಳು, ಇನ್ನೂ ಎತ್ತಿಲ್ಲ, ಹಬೆಯಲ್ಲಿ ಉಕ್ಕು ಮಂಕಾಗುತ್ತಿದೆ, ಬೆರಳು ಹಾಗೇ ಇದೆ, ಗಂಟೆಯ ಮೇಲೆ.