ಅರ್ಧ ಬಟ್ಟಲು ಚಹಾ

ರೋಗಿಗೆ ತನ್ನ ಕಾಯಿಲೆ ಏನೆಂದು ತಿಳಿಯುವ ಹಕ್ಕಿದೆ ಎಂದು ಬಿಷ್ಕೆಕ್ಕಿನ ನಮ್ಮ ತತ್ವಶಾಸ್ತ್ರದ ತರಗತಿಯಲ್ಲಿ ನಲವತ್ತು ನಿಮಿಷ ವಾದಿಸಿ ಗೆದ್ದವಳು ನಾನು. ಮೇಷ್ಟ್ರು ತಲೆದೂಗಿದ್ದರು. ಆ ಜಂಬ ಒಂದು ವಾರವೂ ಉಳಿಯಲಿಲ್ಲ.

ಮಂಗಳವಾರ ಮೆಲಿಸ್ ಅಣ್ಣ ಆಸ್ಪತ್ರೆಯಿಂದ ಬಂದವನೇ ನನ್ನನ್ನು ಅಂಗಳಕ್ಕೆ ಕರೆದ. ನನ್ನನ್ನು ಹುಟ್ಟಿಸಿದವನು ಅವನೇ. ಆದರೆ ನಮ್ಮಲ್ಲಿ ಚೊಚ್ಚಲ ಮಗು ಅಜ್ಜಿಯ ಪಾಲು. ಸಾಕಿದವಳು ಅವನ ತಾಯಿ. ನಾನೂ ಅವಳನ್ನೇ ಆಪಾ, ಅಂದರೆ ಅಮ್ಮ, ಎನ್ನುತ್ತೇನೆ. ಹೀಗಾಗಿ ಅವನು ನನಗೆ ಅಣ್ಣ.

"ಆಪಾಗೆ ಹೊಟ್ಟೇಲಿ ಕ್ಯಾನ್ಸರ್, ನುರ್ಜಾತ್. ಕೈ ಮೀರಿದೆ. ಚಳಿಗಾಲ ದಾಟೋದು ಕಷ್ಟವಂತೆ. ಅವಳಿಗೆ ಬರೀ ಹುಣ್ಣು ಅಂತ ಹೇಳು. ನೀನು ಹೇಳಿದ್ರೆ ನಂಬ್ತಾಳೆ."

"ಕಾಯಿಲೆ ಅವಳದು, ಅಣ್ಣಾ. ನಿಜಾನೇ ಹೇಳ್ಬೇಕು."

"ಅದನ್ನೆಲ್ಲ ನಿನ್ನ ಕಾಲೇಜಲ್ಲಿ ಇಟ್ಕೋ. ನೀನು ಸಾಯ್ತೀಯ ಅಂತ ಹೆತ್ತ ತಾಯಿಗೆ ಯಾವ ಬಾಯಲ್ಲಿ ಹೇಳ್ಲಿ?"

ಅವನು ಮುಖ ಆಚೆ ತಿರುಗಿಸಿದ. ನನಗೆ ಮೈಯೆಲ್ಲ ಉರಿಯಿತು, ಪಾಪ ಎಂದೂ ಅನ್ನಿಸಿತು. ಕೊನೆಗೆ ಆಗಲಿ ಎಂದೆ.

ಒಳಗೆ ಆಪಾ ಕಿಟಕಿ ಪಕ್ಕದ ಹಾಸಿನ ಮೇಲೆ ಕೂತು ಎಣ್ಣೆಯಲ್ಲಿ ಕರಿದ ಬೊರ್ಸೋಕ್ ರೊಟ್ಟಿ ಮುರಿದು ಕೆನೆಗೆ ಅದ್ದುತ್ತಿದ್ದಳು. ನಾನು ಚಹಾ ಬಗ್ಗಿಸಲು ಕೂತೆ. ಬಟ್ಟಲಿಗೆ ಅರ್ಧ ಮಾತ್ರ ಬಗ್ಗಿಸಬೇಕು. ಆಗ ಮತ್ತೆ ಮತ್ತೆ ಕೇಳಿ ಕೊಡಬಹುದು. ತುಂಬಿಸಿ ಕೊಟ್ಟರೆ, ಕುಡಿದು ಹೊರಡಿ ಎಂದಂತೆ. ಚಿಕ್ಕಂದಿನಲ್ಲೇ ಅವಳು ಕಲಿಸಿದ ಪಾಠ ಇದು.

"ಡಾಕ್ಟ್ರು ಏನಂದ್ರಂತೆ?"

"ಹುಣ್ಣಂತೆ, ಆಪಾ. ಔಷಧಿ ತಗೊಂಡ್ರೆ ವಾಸಿಯಾಗುತ್ತಂತೆ."

ಅವಳು ನನ್ನ ಮುಖ ನೋಡಲಿಲ್ಲ, ಬಟ್ಟಲನ್ನು ನೋಡಿದಳು. ಚಹಾ ಅಂಚಿಗೆ ಬಂದು ತುಳುಕುತ್ತಿತ್ತು.

"ನನ್ನನ್ನ ಕಳಿಸೋಕೆ ಇಷ್ಟು ಅವಸರವೇನೇ?" ಎಂದಳು ಮೆಲ್ಲಗೆ. "ಎಷ್ಟು ದಿನ ಅಂದ್ರು?"

ನಲವತ್ತು ನಿಮಿಷದ ವಾದದಲ್ಲಿ ಒಂದು ಮಾತೂ ನೆನಪಿಗೆ ಬರಲಿಲ್ಲ. ಅವಳ ಮಡಿಲಲ್ಲಿ ಮುಖವಿಟ್ಟು ಎಲ್ಲ ಹೇಳಿಬಿಟ್ಟೆ, ಚಳಿಗಾಲದ ಮಾತನ್ನೂ. ನನ್ನ ಜಡೆ ಸವರುತ್ತಿದ್ದ ಕೈ ಒಮ್ಮೆ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಸವರತೊಡಗಿತು.

"ಹೋಗಿ ಮೆಲಿಸ್‌ನ ಕರಿ," ಎಂದಳು. "ಅಂಗಳದಲ್ಲಿ ಒಬ್ಬನೇ ಅಳ್ತಿರ್ತಾನೆ. ಸಣ್ಣೋನಿದ್ದಾಗಿಂದ ಹಾಗೇ."

ನಾನು ಕಣ್ಣೊರೆಸಿಕೊಂಡು ಎದ್ದೆ. ಆಪಾ ಇನ್ನೊಂದು ಬಟ್ಟಲು ಎಳೆದುಕೊಂಡು, ತುಂಬಿದ ಬಟ್ಟಲಿನಿಂದ ಅರ್ಧ ಚಹಾ ಅದಕ್ಕೆ ಸುರಿದಳು. ಒಂದನ್ನು ಮಗನ ಜಾಗದ ಮುಂದಿಟ್ಟು, ಇನ್ನೊಂದನ್ನು ತಾನು ತೆಗೆದುಕೊಂಡಳು.