ಬಾಲದ ಪಾಲು

"ಎಷ್ಟಿದೆ ನೀರು?" ಎಂದು ನಿವಿಯಾಕ್ ಮೇಲಿನಿಂದ ಕೂಗಿದಳು.

"ಮೊಣಕಾಲಿಗೆ," ಎಂದ ಅವಳ ಗಂಡ ಸುವ್ಲು. ಇನ್ನೊಂದು ಹೆಜ್ಜೆ ಇಟ್ಟು, "ಅಲ್ಲ, ಇನ್ನೂ ಮೇಲಿದೆ," ಎಂದ.

ನೆಲಮಾಳಿಗೆಯ ಬಾಯಿಯಿಂದ ನಾತ ಬರುತ್ತಿತ್ತು. ಮಾಂಸ ಕೆಡದಂತೆ ಇಡುವ, ಎರಡಾಳು ಆಳದ ಗುಂಡಿ ಅದು. ಸುವ್ಲುವಿನ ಅಜ್ಜ, ಬೇಸಿಗೆಯಲ್ಲೂ ಹೆಪ್ಪುಗಟ್ಟಿರುವ ನಮ್ಮ ಉತ್ತರದ ನೆಲವನ್ನು ಮೂರು ವರ್ಷ ಕಡಿದು ಮಾಡಿದ್ದ. ಅಗೆಯುವಾಗ ಒಂದು ಪಕ್ಕದಲ್ಲಿ ಮಣ್ಣಿನ ಬದಲು ಬರೀ ಮಂಜುಗಡ್ಡೆ ಸಿಕ್ಕಿತ್ತಂತೆ, ಯಾವ ಕಾಲದಿಂದಲೋ ನೆಲದೊಳಗೆ ಇಳಿದು ಕುಳಿತದ್ದು. ಇದಕ್ಕಿಂತ ಒಳ್ಳೆಯ ಗೋಡೆ ಯಾವನು ಕಟ್ಟಿಯಾನು ಎಂದು ಅಜ್ಜ ಅದನ್ನೇ ಗೋಡೆ ಮಾಡಿಕೊಂಡ. ಊರಿನ ಉಳಿದ ಮಾಳಿಗೆಗಳು ಒಂದೊಂದಾಗಿ ಕುಸಿದಾಗಲೂ ಇದು ನಿಂತಿತ್ತು, ಸುವ್ಲು ಅದನ್ನು ಹೇಳಿಕೊಂಡು ತಿರುಗುತ್ತಿದ್ದ. ಈ ಆಗಸ್ಟಿನಲ್ಲಿ ಆ ಗೋಡೆಯೇ ಕರಗಿ ಸುರಿಯುತ್ತಿತ್ತು.

ಒಳಗಿದ್ದುದು ಬಾಲದ ಪಾಲು. ವಸಂತದಲ್ಲಿ ಸುವ್ಲುವಿನ ದೋಣಿಗೆ ತಿಮಿಂಗಿಲ ಒಲಿದಿತ್ತು. ಮಿಕ್ಕ ಮಾಂಸ ಆಗಲೇ ಹಂಚಿಯಾಗಿತ್ತು. ಬಾಲದ ಕಡೆಯದು ಮಾತ್ರ ಕಡಲು ಹೆಪ್ಪುಗಟ್ಟುವ ತನಕ ದೋಣಿಯ ಯಜಮಾನನ ಮಾಳಿಗೆಯಲ್ಲಿದ್ದು, ಆಮೇಲೆ ಊರಿನ ಮನೆಮನೆಗೂ ಹೋಗಬೇಕು. ಹೋಗದಿದ್ದರೆ ಆ ದೋಣಿಗೆ ತಿಮಿಂಗಿಲ ಮತ್ತೆ ಬರುವುದಿಲ್ಲ. ಇದನ್ನು ನಂಬದವರೂ ನಮ್ಮೂರಲ್ಲಿದ್ದಾರೆ, ಬಾಯಿಬಿಟ್ಟು ಹೇಳುವ ಧೈರ್ಯ ಅವರಿಗಿಲ್ಲ.

ಕೊಳಕು ಮಾಳಿಗೆಗೂ ತಿಮಿಂಗಿಲ ಬರುವುದಿಲ್ಲ. ಬೇಟೆಗೆ ಮುಂಚೆ ಅದನ್ನು ಶುಚಿ ಮಾಡುವುದು ಯಜಮಾನನ ಹೆಂಡತಿಯ ಕೆಲಸ. ಏಪ್ರಿಲಿನಲ್ಲಿ ನಿವಿಯಾಕ್ ಹಳೆಯ ನೆತ್ತರ ಕಲೆಯ ಜೊತೆಗೆ, ಅಜ್ಜನ ಕಾಲದಿಂದ ಮಂಜುಗಡ್ಡೆಯ ಗೋಡೆಗೆ ಮೆತ್ತಿಕೊಂಡಿದ್ದ ಮಣ್ಣನ್ನೂ ಕೆರೆದು ತೆಗೆದಿದ್ದಳು. "ಸಾಕು ಬಿಡೇ, ಮುಖ ನೋಡ್ಕೋಬೇಕಾ ಅದ್ರಲ್ಲಿ?" ಎಂದು ಗಂಡ ರೇಗಿದರೂ ಬಿಟ್ಟಿರಲಿಲ್ಲ. ಆ ಮಣ್ಣೇ ಗಡ್ಡೆ ಕರಗದಂತೆ ಹೊದಿಕೆಯಾಗಿತ್ತೆಂದು ಈಗ ಅವಳಿಗೆ ಅನ್ನಿಸಿತು. ಗಂಡ ಆ ಮಾತೆತ್ತಲಿಲ್ಲ. ಎತ್ತಿ ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಮೇಲೆ ಬಾರೋ, ಗೋಡೆ ಬೀಳತ್ತೆ!"

"ಹಗ್ಗ ಬಿಡು. ತಳದಲ್ಲಿರೋದು ಗಟ್ಟಿ ಇರ್ಬಹುದು."

ತಳದ ತುಂಡು ಮೇಲೆ ಬಂತು. ಹಸಿರುಗಟ್ಟಿತ್ತು. ನಿವಿಯಾಕ್ ಒತ್ತಿದರೆ ಬೆರಳು ಒಳಗೇ ಹೋಯಿತು.

ಪಕ್ಕದ ಮನೆಯ ಡಾರ್ಕಸ್ ಅಜ್ಜಿ ಕೋಲೂರಿಕೊಂಡು ಬಂದಳು. ಬಗ್ಗಿ ಮೂಸಿ, "ಇದು ನಾಯಿಗೂ ಆಗಲ್ಲ," ಎಂದಳು.

"ನಾನೇ, ಅಜ್ಜಿ. ನಾನೇ ಗೋಡೆ ಕೆರೆದು ಹಾಳು ಮಾಡ್ದೆ," ಎಂದಳು ನಿವಿಯಾಕ್.

"ಹೌದೇನೇ? ಹೋದ್ವರ್ಷ ನಮ್ಮನೆ ಮಾಳಿಗೆ ಕುಸೀತಲ್ಲ, ಅದನ್ನ ಯಾರು ಕೆರೆದಿದ್ರು? ನಾನಂತೂ ಹತ್ತು ವರ್ಷದಿಂದ ಪೊರಕೆ ಮುಟ್ಟಿಲ್ಲ."

ಸುವ್ಲು ಮೇಲೆ ಬಂದು ಕೆಸರಿನಲ್ಲೇ ಕುಕ್ಕರಿಸಿ ಮಗುವಿನ ಹಾಗೆ ಅತ್ತ. ಹದಿನೆಂಟು ತಿಮಿಂಗಿಲದ ಬೇಟೆ ಕಂಡ ಮನುಷ್ಯ.

"ಊರಿಗೆ ಏನಂತ ಹೇಳ್ಲಿ ಅಜ್ಜಿ?"

"ಏನೂ ಹೇಳ್ಬೇಡ. ಪಾಲು ಹಾಕು."

"ಇದನ್ನಾ?"

"ಇರೋದನ್ನ. ಕೊಡೋದು ನಿನ್ನ ಕೆಲಸ, ತಗೊಳ್ಳೋದು ನಮ್ಮದು."

ಮಧ್ಯಾಹ್ನದ ಹೊತ್ತಿಗೆ ಎಲ್ಲವನ್ನೂ ಮೇಲೆಳೆದು ಕಡಲ ದಡಕ್ಕೆ ಸಾಗಿಸಿದರು. ತಿಮಿಂಗಿಲದ್ದನ್ನು ಕಸದ ಗುಂಡಿಗೆ ಹಾಕುವ ಹಾಗಿಲ್ಲ, ಕಡಲದ್ದು ಕಡಲಿಗೇ ಹೋಗಬೇಕು. ಸುವ್ಲು ಒಂದೊಂದೇ ಮನೆಯ ಹೆಸರು ಕೂಗಿದ. ಕರೆದವರು ಮುಂದೆ ಬಂದು, ಕೊಳೆತ ಪಾಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಒಬ್ಬರೂ ಮೂಗು ಮುಚ್ಚಿಕೊಳ್ಳಲಿಲ್ಲ. ಡಾರ್ಕಸ್ ಅಜ್ಜಿ ತನ್ನದನ್ನು ಎದೆಗೊತ್ತಿಕೊಂಡು, "ಬಂತಪ್ಪಾ, ನಮ್ಮನೆ ಪಾಲು ಬಂತು," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಆಮೇಲೆ ಸಾಲಾಗಿ ನೀರಿನಂಚಿಗೆ ನಡೆದು ಅವರವರ ಪಾಲನ್ನು ಅವರವರೇ ಎಸೆದರು.

ಕಡಲಿಂದ ಬೀಸುವ ಪಡುವಣ ಗಾಳಿ ಜೋರಾಗಿತ್ತು. ಹೋದ ತುಂಡುಗಳು ಅಲೆಯ ಮೇಲೆ ಹೊರಳುತ್ತ ಒಂದೊಂದಾಗಿ ವಾಪಸು ಬರತೊಡಗಿದವು. ಜನ ಬೂಟುಗಾಲಿನಿಂದ ಅವನ್ನು ತಳ್ಳಿದರು. ಸುವ್ಲು ತಳ್ಳಲಿಲ್ಲ, ಸುಮ್ಮನೆ ನೋಡುತ್ತ ನಿಂತ. ಅವನ ಮನೆಯ ಪಾಲು ಅವನ ಕಾಲ ಬಳಿಯೇ ಬಂದು ಬಿತ್ತು. ನಿವಿಯಾಕ್ ಅದನ್ನು ಎತ್ತಿಕೊಂಡು, ಸೊಂಟದವರೆಗೆ ನೀರಿಗಿಳಿದು, ಇದ್ದ ಶಕ್ತಿಯನ್ನೆಲ್ಲ ಹಾಕಿ ಮತ್ತೆ ಎಸೆದಳು.

ಅದು ಅವಳಿಗಿಂತ ಮೊದಲೇ ದಡ ಸೇರಿತು.