ದೊಡ್ಡ ಮಿಸ್ ಬರೆದ ಹಾಳೆ

ಆ ಶಿಶುವಿಹಾರದಲ್ಲಿ ಹದಿನಾಲ್ಕು ವರ್ಷ ಮೂಗು ಒರೆಸಿ, ಒದ್ದೆ ಚಡ್ಡಿ ಬದಲಿಸಿ, ಕಂಕುಳಲ್ಲಿ ಒಂದು ಮಗು, ಸೆರಗು ಹಿಡಿದ ಎರಡು ಮಕ್ಕಳು ಅಂತ ಓಡಾಡಿದವಳನ್ನು ಎಲ್ಲರೂ ದೊಡ್ಡ ಮಿಸ್ ಎನ್ನುತ್ತಿದ್ದರು. ಕರೆಯುವುದು ದೊಡ್ಡ ಮಿಸ್, ಸಂಬಳ ಸಹಾಯಕಿಯದು. ಹಾಜರಿ ಪುಸ್ತಕ ಕೂಡ ಅವಳು ಮುಟ್ಟುವ ಹಾಗಿರಲಿಲ್ಲ. ದೊಡ್ಡ ತರಗತಿಯ ಟೀಚರ್ ಇನ್ನು ಮೂರು ವರ್ಷಕ್ಕೆ ನಿವೃತ್ತರಾಗುತ್ತಾರೆ, ಆ ಜಾಗಕ್ಕೆ ಬರುವವರಿಗೆ ಶಿಶು ಶಿಕ್ಷಣದ ಪದವಿ ಇರಲೇಬೇಕು ಎಂದು ಹೆಡ್‌ಮೇಡಂ ಹೇಳಿದ ದಿನವೇ ಅವಳು ದೂರಶಿಕ್ಷಣಕ್ಕೆ ಅರ್ಜಿ ಹಾಕಿದಳು. ಆಗ ಅವಳಿಗೆ ನಲವತ್ತೊಂದು.

ತೊಂದರೆ ಏನೆಂದರೆ, ಅವಳ ಓರಗಿತ್ತಿಯೂ ಅರ್ಜಿ ಹಾಕಿದಳು.

ಗಂಡನ ತಮ್ಮನ ಹೆಂಡತಿ, ಮದುವೆಯಾಗಿ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. "ಮನೇಲಿ ಒಬ್ಳೇ ಕೂತು ಏನ್ ಮಾಡ್ತೀಯ, ಬಾ ನನ್ ಜೊತೆ" ಎಂದು ಕೈಹಿಡಿದು ಶಿಶುವಿಹಾರಕ್ಕೆ ಸೇರಿಸಿದವಳೂ ದೊಡ್ಡ ಮಿಸ್ಸೇ. ಮಕ್ಕಳು ಒಂದು ತಿಂಗಳು ಅವಳನ್ನು ಚಿಕ್ಕ ಮಿಸ್ ಎಂದರು. ಆಮೇಲೆ ಬರೀ ಮಿಸ್ ಎಂದರು. ದೊಡ್ಡ ಮಿಸ್ ಮಾತ್ರ ದೊಡ್ಡವಳಾಗಿಯೇ ಉಳಿದಳು. ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೊಂಬೇ ಹೆಚ್ಚಾಯಿತು ಎಂದು ಅವಳು ಪಾತ್ರೆ ತೊಳೆಯುವಾಗ ನಲ್ಲಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು.

ಪುಸ್ತಕದ ಕಟ್ಟು ಅಂಚೆಯಲ್ಲಿ ಬರುತ್ತಿತ್ತು, ಒಂದೇ ಮನೆಗೆ ಎರಡೆರಡು. ಸಂಜೆ ಊಟದ ಮೇಜಿನ ಆಚೆ ಬದಿ ಒಬ್ಬಳು, ಈಚೆ ಬದಿ ಒಬ್ಬಳು. ಚಿಕ್ಕವಳು ಓದಿದ್ದು ಹಾಗೇ ತಲೆಗೆ ಹೋಗುತ್ತಿತ್ತು. ದೊಡ್ಡವಳು ಮೂರು ಸಲ ಓದಿ, ನಾಲ್ಕನೆಯ ಸಲ ತೂಕಡಿಸುತ್ತಿದ್ದಳು. ಆದರೂ ಮಕ್ಕಳ ವಿಷಯದಲ್ಲಿ ಯಾವ ಪುಸ್ತಕವೂ ತನಗೆ ಸಮ ಇಲ್ಲ ಎಂಬ ಧೈರ್ಯ ಇತ್ತು. ಚಿಕ್ಕವಳಿಗೂ ಅದು ಗೊತ್ತಿತ್ತು. "ಅಕ್ಕ, ಮೊದಲ ದಿನ ಗೇಟಲ್ಲಿ ಅಳೋ ಮಗೂನ ಹೇಗೆ ಒಳಗೆ ಕರೀತೀರಾ?" ಎಂದು ಒಂದು ದಿನ ಕೇಳಿದಳು.

"ಮಗೂನ ಮುಟ್ಲೇಬಾರದು. ಅದರ ಚೀಲ ಇಸ್ಕೊಂಡು ನಡೀತಾ ಇರ್ಬೇಕು. ಚೀಲದ ಹಿಂದೆ ಮಗು ತಾನೇ ಬರುತ್ತೆ."

ಅದೇ ಪ್ರಶ್ನೆ ಅಸೈನ್‌ಮೆಂಟಿಗೂ ಬಂದಿತ್ತು. ಇಬ್ಬರೂ ಅದೇ ಉತ್ತರ ಬರೆದರು. ದೊಡ್ಡ ಮಿಸ್‌ಗೆ ಇಪ್ಪತ್ತೈದಕ್ಕೆ ಹನ್ನೊಂದು, ಪಕ್ಕದಲ್ಲಿ 'ಅನುಭವ ಇದೆ, ಆಧಾರ ಕೊಡಿ' ಎಂಬ ಷರಾ. ಚಿಕ್ಕವಳು ಚೀಲದ ಜೊತೆಗೆ ಪುಸ್ತಕದಿಂದ ಇಬ್ಬರು ಪಂಡಿತರ ಹೆಸರನ್ನೂ ಸೇರಿಸಿದ್ದಳು. ಅವಳಿಗೆ ಇಪ್ಪತ್ತೆರಡು.

"ನಿಮ್ಮ ಮಾತೇ ಅಲ್ವಾ ಅಕ್ಕ, ಇದು ನಿಮ್ಮದೇ ಅಂಕ" ಎಂದಳು ಚಿಕ್ಕವಳು, ನಿಜವಾಗಿಯೂ ಸಂತೋಷದಿಂದ. ಉರಿಯುವ ಬೆಂಕಿಗೆ ತುಪ್ಪ ಸುರಿಯುವುದು ಎಂದರೆ ಇದೇ. ಅವಳು ಕೆಟ್ಟವಳಾಗಿದ್ದರೆ ದೊಡ್ಡ ಮಿಸ್‌ಗೆ ಎಷ್ಟೋ ಹಗುರಾಗುತ್ತಿತ್ತು. ನೆಮ್ಮದಿಯಾಗಿ ಜಗಳವಾಡಬಹುದಿತ್ತು.

ಹೀಗೆ ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆ ಬಂತು. ಪರೀಕ್ಷಕರು ಶಿಶುವಿಹಾರಕ್ಕೇ ಬಂದು ಪಾಠ ನೋಡುತ್ತಾರೆ. ಒಬ್ಬಳು ಪಾಠ ಮಾಡುವಾಗ ಇನ್ನೊಬ್ಬಳು ಮೂಲೆಯಲ್ಲಿ ಕೂತು ವೀಕ್ಷಣಾ ಹಾಳೆ ತುಂಬಬೇಕು. ಇದರಲ್ಲಿ ಯಾರಿಗೆ ಹೆಚ್ಚು ಅಂಕವೋ ದೊಡ್ಡ ತರಗತಿ ಅವರಿಗೆ ಎಂದು ಹೆಡ್‌ಮೇಡಂ ಇಬ್ಬರನ್ನೂ ನಿಲ್ಲಿಸಿ ಹೇಳಿದ್ದರು. ದೊಡ್ಡ ಮಿಸ್‌ನ ಪಾಠ ಹಿಂದಿನ ದಿನ ಮುಗಿದಿತ್ತು. ಹಾಳಾಗಲಿಲ್ಲ, ಅಂಥ ಚೆನ್ನಾಗಿಯೂ ಆಗಲಿಲ್ಲ.

ಚಿಕ್ಕವಳ ಪಾಠ ಗಾಳಿಯ ಬಗ್ಗೆ. ಬೆಳಿಗ್ಗೆ ಏಳೂ ನಲವತ್ತಕ್ಕೆ ಚಹಾ ಲೋಟ ಹಿಡಿದುಕೊಂಡೇ ಕೇಳಿದಳು, "ಅಕ್ಕ, ಬಲೂನು ಊದಿ ತೋರಿಸ್ಬೇಕು ಅಂತಿದೀನಿ. ನಮ್ಮ ಮಕ್ಕಳಲ್ಲಿ ಯಾರಿಗಾದ್ರೂ ತೊಂದ್ರೆ ಆಗುತ್ತಾ?"

ಆಗುತ್ತಿತ್ತು. ಬಟಾಣಿಗೆ ಆಗುತ್ತಿತ್ತು. ತರಗತಿಗೇ ಪುಟ್ಟವಳಾದ್ದರಿಂದ ಎಲ್ಲರೂ ಬಟಾಣಿ ಎಂದೇ ಕರೆಯುತ್ತಿದ್ದ ಆ ಹುಡುಗಿಗೆ ಪಟ್ ಎನ್ನುವ ಯಾವ ಶಬ್ದವೂ ಆಗದು. ಬಾಗಿಲು ಬಡಿದರೂ ಮೈ ಸೆಟೆದುಕೊಳ್ಳುತ್ತಿತ್ತು. ಅವಳು ಅಳುವುದಿಲ್ಲ, ಅದಕ್ಕೇ ಯಾರಿಗೂ ತಿಳಿಯುವುದಿಲ್ಲ. ದೊಡ್ಡ ಮಿಸ್‌ಗೆ ಮಾತ್ರ ತಿಳಿದಿತ್ತು.

"ಇಲ್ಲಪ್ಪ" ಎಂದಳು ದೊಡ್ಡ ಮಿಸ್. "ಬಲೂನು ಅಂದ್ರೆ ಮಕ್ಕಳಿಗೆ ಪ್ರಾಣ."

ಹೇಳಿದ ಮೇಲೆ ಚಹಾ ರುಚಿಸಲಿಲ್ಲ. ಆದರೂ ಪೂರ್ತಿ ಕುಡಿದಳು.

ಪರೀಕ್ಷಕರು ಮಕ್ಕಳ ಕುರ್ಚಿಯಲ್ಲೇ ಕೂತರು. ಮೊಣಕಾಲು ಗಲ್ಲಕ್ಕೆ ತಾಗುವಂತಿತ್ತು. ದೊಡ್ಡ ಮಿಸ್ ಮೂಲೆಯಲ್ಲಿ ಹಾಳೆ ಬಿಡಿಸಿದಳು. ಒಂದು ಕಡೆ ಸಮಯ, ಇನ್ನೊಂದು ಕಡೆ ಕಂಡದ್ದು, ಕೇಳಿದ್ದು. 'ಪಾಪ', 'ಹಠಮಾರಿ', 'ಅನಿಸುತ್ತದೆ' ಇಂಥ ಪದ ಹಾಕಿದರೆ ಅಂಕ ಕಡಿತ ಎಂದು ಪುಸ್ತಕ ಹೇಳಿತ್ತು. ಅವಳು ಚೊಕ್ಕವಾಗಿ ಬರೆದಳು. ಹತ್ತೂ ಹತ್ತು, ಮಕ್ಕಳು ಅಂಗೈಗೆ ಊದಿಕೊಂಡರು. ಹತ್ತೂ ಹದಿನಾಲ್ಕು, ಪಾಠ ಮಾಡುವವಳು ಬಲೂನು ತೆಗೆದಳು. ಒಂದು ಮಗು ಎರಡೂ ಕಿವಿ ಮುಚ್ಚಿಕೊಂಡಿತು.

ಬಲೂನು ದೊಡ್ಡದಾಯಿತು. ಮಕ್ಕಳೆಲ್ಲ "ಇನ್ನೂ! ಇನ್ನೂ!" ಎಂದು ಕೂಗಿದರು. ಬಟಾಣಿ ಮೇಜಿನ ಕೆಳಗೆ ತೂರಿಕೊಂಡಿತು. ಸಾಕು ನಿಲ್ಲಿಸು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ದೊಡ್ಡ ಮಿಸ್‌ನ ನಾಲಿಗೆ ಏಳಲಿಲ್ಲ. ಏಳಲು ಅವಳು ಬಿಡಲಿಲ್ಲ ಎನ್ನುವುದೇ ಸರಿ.

ಹತ್ತೂ ಹದಿನೇಳಕ್ಕೆ ಬಲೂನು ಒಡೆಯಿತು. ಮಕ್ಕಳು ಹೋ ಎಂದು ನಕ್ಕರು. ಮೇಜಿನ ಕೆಳಗಿಂದ ನೀರು ಹರಿದು ಬಂತು. ಚಿಕ್ಕವಳು ಪಾಠ ಬಿಟ್ಟಳು, ಪರೀಕ್ಷಕರನ್ನೂ ಬಿಟ್ಟಳು, ಆ ಒದ್ದೆಯಲ್ಲೇ ಮಂಡಿಯೂರಿ ಮೇಜಿನ ಕೆಳಗೆ ಹೋಗಿ "ಬಾ ಪುಟ್ಟಿ, ಏನಾಗಿಲ್ಲ ಬಾ" ಎಂದು ಕೈಚಾಚಿದಳು. ಬಟಾಣಿ ಆ ಕೈ ನೋಡಲೇ ಇಲ್ಲ. ಚಿಕ್ಕವಳ ಭುಜದಾಚೆಗೆ ಮೂಲೆಯ ಕಡೆ ಎರಡೂ ಕೈ ನೀಡಿ "ದೊಡ್ಡ ಮಿಸ್" ಎಂದಿತು.

ಮೂರು ವರ್ಷದಿಂದ ದೊಡ್ಡ ಮಿಸ್ ಇದಕ್ಕೇ ಕಾದಿದ್ದಳು. ಎಲ್ಲರ ಎದುರು, ಪರೀಕ್ಷಕರ ಎದುರು, ಮಗು ತನ್ನನ್ನು ಆರಿಸಿತ್ತು. ಎತ್ತಿಕೊಂಡು ಹೋಗಿ ತೊಳೆದು, ಬೇರೆ ಫ್ರಾಕು ಹಾಕಿದಳು. ಗುಂಡಿ ಹಾಕುವಾಗ ಬಟಾಣಿ ಅವಳ ಕಿವಿಯ ಹತ್ತಿರ ಬಂದು, "ನೀವು ನನ್ನ ನೋಡಿದ್ರಿ. ಯಾಕೆ ಬರ್ಲಿಲ್ಲ?" ಎಂದಿತು.

ದೊಡ್ಡ ಮಿಸ್ ಗುಂಡಿಯನ್ನು ತಪ್ಪು ಕಾಜಕ್ಕೆ ಹಾಕಿ, ಬಿಚ್ಚಿ, ಮತ್ತೆ ಹಾಕಿದಳು.

ಮಕ್ಕಳನ್ನು ಆಟಕ್ಕೆ ಬಿಟ್ಟ ಮೇಲೆ ಪರೀಕ್ಷಕರು ಇಬ್ಬರನ್ನೂ ಕರೆದರು. ವೀಕ್ಷಣಾ ಹಾಳೆ ಅವರ ಕೈಯಲ್ಲಿತ್ತು. ದೊಡ್ಡ ಮಿಸ್ ಕಡೆ ತಿರುಗಿ "ಚೆನ್ನಾಗಿ ಬರ್ದಿದೀರಿ. ಮಗೂನ ನಿಭಾಯಿಸಿದ್ದೂ ಚೆನ್ನಾಗಿತ್ತು" ಎಂದರು. ಚಿಕ್ಕವಳ ಕಡೆ ತಿರುಗಿದರು. "ಮಕ್ಕಳಿಗೆ ಯಾವುದು ಆಗಲ್ಲ ಅಂತ ಮೊದಲೇ ವಿಚಾರಿಸ್ಕೋಬಾರದಾಗಿತ್ತಾ ಅಮ್ಮ?"

ಚಿಕ್ಕವಳು ಓರಗಿತ್ತಿಯನ್ನು ನೋಡಿದಳು. ಒಂದೇ ನೋಟ. ಅವಳಿಗೆ ಎಲ್ಲ ಅರ್ಥವಾಗಿದೆ ಎಂದು ದೊಡ್ಡ ಮಿಸ್‌ಗೆ ಗೊತ್ತಾಯಿತು.

"ಅಕ್ಕನ್ನ ಕೇಳ್ಬೇಕಿತ್ತು ಸರ್. ನಾನೇ ಕೇಳ್ಲಿಲ್ಲ. ತಪ್ಪು ನಂದು."

ಬದುಕಿದೆ ಎಂದು ಉಸಿರು ಬಿಡಬೇಕಾದ ಹೊತ್ತು ಅದು. ಬದಲಿಗೆ ದೊಡ್ಡ ಮಿಸ್‌ನ ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಯಿತು. ಅಸೈನ್‌ಮೆಂಟಿನಲ್ಲಿ ಅವಳು ಮುಂದೆ, ಮಕ್ಕಳ ಬಾಯಲ್ಲಿ ಅವಳು ಮುಂದೆ, ಈಗ ಒಳ್ಳೆಯತನದಲ್ಲೂ ಅವಳೇ! ಇನ್ನು ಜೀವಮಾನವೆಲ್ಲ ಆ ಊಟದ ಮೇಜಿನಲ್ಲಿ ಇವಳ ದೊಡ್ಡಮನಸ್ಸನ್ನು ನುಂಗಬೇಕು. ಅದಕ್ಕಿಂತ ಸಹಾಯಕಿಯಾಗಿ ಸಾಯುವುದು ಮೇಲು. ಇದನ್ನು ಪಶ್ಚಾತ್ತಾಪ ಎಂದು ಯಾರಾದರೂ ಕರೆದರೆ ಅದು ಕರೆದವರ ಒಳ್ಳೆಯತನ. ಪಶ್ಚಾತ್ತಾಪವೂ ಸ್ವಲ್ಪ ಇತ್ತು, ಇರಲಿಲ್ಲವೆಂದಲ್ಲ. ಆದರೆ ಹಾಳೆಯ ಕಡೆ ಕೈ ಚಾಚಿಸಿದ್ದು ಹೊಟ್ಟೆಕಿಚ್ಚೇ.

"ಸರ್, ಹಾಳೆ ಒಂದ್ನಿಮಿಷ ಕೊಡಿ. ಎರಡು ಸಾಲು ಬಿಟ್ಹೋಗಿದೆ."

ಮೇಲಿನ ಖಾಲಿ ಜಾಗದಲ್ಲಿ ಬರೆದಳು: 'ಏಳೂ ನಲವತ್ತು, ಮನೆ. ಬಲೂನಿನಿಂದ ಯಾರಿಗಾದರೂ ತೊಂದರೆಯೇ ಎಂದು ಪಾಠ ಮಾಡುವವಳು ಕೇಳಿದಳು. ಇಲ್ಲ ಎಂದು ವೀಕ್ಷಕಿ ಹೇಳಿದಳು. ವೀಕ್ಷಕಿಗೆ ಗೊತ್ತಿತ್ತು.' ಆಮೇಲೆ ಕೆಳಗೆ: 'ಹತ್ತೂ ಹದಿನಾಲ್ಕರಿಂದ ಹತ್ತೂ ಹದಿನೇಳು. ವೀಕ್ಷಕಿ ಕುರ್ಚಿಯಿಂದ ಏಳಲಿಲ್ಲ.'

"ಅಕ್ಕ, ಬೇಡ" ಎಂದು ಚಿಕ್ಕವಳು ಕೈಹಿಡಿದಳು. ದೊಡ್ಡ ಮಿಸ್ ಕೈ ಕೊಡವಿ ಸಹಿ ಹಾಕಿದಳು.

ಪರೀಕ್ಷಕರು ಓದಿದರು, ಮತ್ತೊಂದು ಸಲ ಓದಿದರು, ಹಾಳೆ ಮಡಚಿ ಕಡತದಲ್ಲಿಟ್ಟರು. ದೊಡ್ಡ ತರಗತಿ ಇನ್ನು ಕೈಗೆ ಸಿಗುವುದಿಲ್ಲ ಎಂದು ದೊಡ್ಡ ಮಿಸ್‌ಗೆ ತಿಳಿಯಿತು. ಎಷ್ಟು ತಡೆದರೂ ಅಳು ಒತ್ತರಿಸಿಕೊಂಡು ಬರುತ್ತಿತ್ತು. ಅಷ್ಟರಲ್ಲಿ ಪಕ್ಕದಲ್ಲಿ ಬಿಕ್ಕುವ ಸದ್ದು ಕೇಳಿಸಿತು. ನೋಡಿದರೆ, ಚಿಕ್ಕವಳು ಆಗಲೇ ಅಳುತ್ತಿದ್ದಳು.

ಇದರಲ್ಲೂ ಮುಂದೆ ಹೋದಳಲ್ಲ ಎಂದು ದೊಡ್ಡ ಮಿಸ್‌ಗೆ ಮತ್ತೆ ಹೊಟ್ಟೆ ಉರಿಯಿತು.